ಮಾನವ ಹಕ್ಕುಗಳ ಎಲ್‌ಎಲ್‌ಎಂ: ನಾನು ಓದಿದ ಬಗೆ

ಕಲಬುರಗಿಯಲ್ಲಿ ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಪದವಿ) ಸೇರಿ ಮಾನವ ಹಕ್ಕುಗಳ ಕಾನೂನು ಆರಿಸಿಕೊಂಡೆ ಅಂದಾಗ ಹಿರಿಯ ವಕೀಲರೊಬ್ಬರು, 'ಅದರಾಗ ಏನ್ ಸಿಗ್ತದೋ ತಮ್ಮಾ, ಸಿವಿಲ್ ಹಿಡಿ' ಅಂದಿದ್ದರು. ಇವತ್ತಿಗೂ ನನ್ನ ಮನೆ ನಡೆಯುವುದು ಸಿವಿಲ್ ದಾವೆಗಳಿಂದಲೇ. ಆದರೆ ರಿಟ್ ಅರ್ಜಿ, ಅಂದರೆ ಹಕ್ಕು ಕಾಪಾಡಿ ಅಂತ ಹೈಕೋರ್ಟಿಗೆ ನೇರ ಕೊಡುವ ಅರ್ಜಿ, ಬರೆಯಲು ಕಲಿತದ್ದು ಈ ಓದಿನಿಂದ.

ಎಲ್‌ಎಲ್‌ಬಿವರೆಗೆ ಪರೀಕ್ಷೆ ಕನ್ನಡದಲ್ಲಿ ಬರೆದವನು ನಾನು. ವಿಶ್ವಸಂಸ್ಥೆಯ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಹೇಗೋ ತಲೆಗೆ ಹತ್ತಿತು, ಇರುವುದೇ 30 ವಿಧಿ. ದೇಶಗಳು ಒಪ್ಪಿ ಸೇರುವ 1966ರ ಎರಡು ಅಂತರರಾಷ್ಟ್ರೀಯ ಒಡಂಬಡಿಕೆಗಳು ಮಾತ್ರ ಜಪ್ಪಯ್ಯ ಅಂದರೂ ಹತ್ತಲಿಲ್ಲ. ಆಮೇಲೆ ಸಂವಿಧಾನ ಪಕ್ಕಕ್ಕಿಟ್ಟುಕೊಂಡು ಜೋಡಿ ಹಚ್ಚುತ್ತ ಓದಿದೆ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿ ಬಲವಂತದ ದುಡಿಮೆ ಬೇಡ ಅನ್ನುತ್ತದೆ, ನಮ್ಮಲ್ಲಿ ಅದಕ್ಕೆ 23ನೇ ವಿಧಿ ಇದೆ. ಅದರ 9ನೇ ವಿಧಿ ಅಕ್ರಮ ಬಂಧನಕ್ಕೆ ಪರಿಹಾರ ಕೊಡಿ ಅನ್ನುತ್ತದೆ. 1979ರಲ್ಲಿ ಭಾರತ ಒಡಂಬಡಿಕೆಗೆ ಸೇರುವಾಗ ಈ ಮಾತನ್ನು ಒಪ್ಪದೆ ಆಕ್ಷೇಪಣೆ ಬರೆಸಿತ್ತು. ಆದರೂ 1993ರ ನೀಲಾಬತಿ ಬೆಹೆರಾ ಪ್ರಕರಣದಲ್ಲಿ, ಪೊಲೀಸ್ ವಶದಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿತು. ಆ ಆಕ್ಷೇಪಣೆಗೆ ಇನ್ನು ಅರ್ಥವಿಲ್ಲ ಎಂದು ಬಂಧಿತರ ರಕ್ಷಣೆ ಕುರಿತ ಡಿ.ಕೆ. ಬಸು ತೀರ್ಪು ಹೇಳಿಯೂ ಬಿಟ್ಟಿತು. ಹೀಗೆ ಓದಿದ್ದು ಮರೆಯಲಿಲ್ಲ. ವಿಶ್ವಸಂಸ್ಥೆಯ ಸಮಿತಿಗಳ ರಚನೆ ಕುರಿತ ಪತ್ರಿಕೆಯನ್ನು ಉರು ಹೊಡೆದು ಪಾಸಾದೆ, ಅಷ್ಟೇ.

ಪ್ರಬಂಧಕ್ಕೆ ವಿಷಯ ಹುಡುಕುವಾಗ ಬಹಳ ಜನ ನಿರಾಶ್ರಿತರು, ಹವಾಮಾನ ಬದಲಾವಣೆ ಅಂತ ಹೊರಟರು. ಒಳ್ಳೆಯ ವಿಷಯಗಳೇ, ಆದರೆ ಇಲ್ಲಿ ಕೂತು ಬರೆದರೆ ಪುಸ್ತಕದಿಂದ ಪುಸ್ತಕಕ್ಕೆ ನಕಲು ಆಗುತ್ತದೆ. ಯಾದಗಿರಿ ಕಡೆಯ ತಾಂಡಾಗಳಿಂದ ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋಗುವವರು ನನ್ನ ಕಣ್ಣೆದುರಿಗೇ ಇದ್ದರು. 1976ರ ಜೀತ ಪದ್ಧತಿ ರದ್ದತಿ ಕಾಯಿದೆಯನ್ನು ಹಿಡಿದುಕೊಂಡು ಅವರ ಬಳಿ ಹೋದೆ.

ಪ್ರಶ್ನಾವಳಿ ಮೊದಲೇ ಅಚ್ಚು ಹಾಕಿಸಬೇಡಿ. 'ನೀವು ಜೀತದಾಳೇ?' ಅಂತ ಕೇಳಿದರೆ ಯಾರೂ ಹೂಂ ಅನ್ನುವುದಿಲ್ಲ, ಮರ್ಯಾದೆ ಪ್ರಶ್ನೆ. ನಾನು ಕೇಳಿದ್ದು ಎರಡೇ ಮಾತು: ಮುಂಗಡ ಎಷ್ಟು, ಕೆಲಸ ನಡುವೆ ಬಿಟ್ಟು ಬರಬಹುದೇ? ಒಬ್ಬಾಕೆ, 'ಹ್ಯಾಂಗ ಬಿಟ್ಟು ಬರ್ಲಾಕ ಆಗ್ತದ್ರಿ ಸರ್, ರೊಕ್ಕ ತಿಂದೀವಲ್ಲ' ಅಂದು ಟ್ರಂಕಿನಿಂದ ಕೈಬರಹದ ಪುಟ್ಟ ನೋಟ್‌ಬುಕ್ ತೆಗೆದು ಕೊಟ್ಟಳು. ಮುಂಗಡದ ಮೊತ್ತ, ಕೆಳಗೆ ಗಂಡನ ಹೆಬ್ಬೆಟ್ಟು, ಆಮೇಲೆ ವಾರದ ಖರ್ಚಿಗೆ ಕೊಟ್ಟ ಚಿಲ್ಲರೆ. ಕೂಲಿ ಎಷ್ಟು ಅಂತ ಯಾವ ಹಾಳೆಯಲ್ಲೂ ಇರಲಿಲ್ಲ. ಕೊಟ್ಟ ಲೆಕ್ಕವಿದೆ, ದುಡಿದ ಲೆಕ್ಕವಿಲ್ಲ. ನನ್ನ ಪ್ರಬಂಧದ ಮೂರನೇ ಅಧ್ಯಾಯ ಪೂರಾ ಆ ನೋಟ್‌ಬುಕ್ಕಿನ ಮೇಲೆ ನಿಂತಿದೆ. ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ, ಹಸಿವು ಬಡತನ ಒಡ್ಡುವ ಒತ್ತಾಯವೂ ಬಲವಂತವೇ ಎಂದು ದೆಹಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೆಲಸಗಾರರ ಕುರಿತ ಸುಪ್ರೀಂ ಕೋರ್ಟಿನ 1982ರ ಏಷ್ಯಾಡ್ ತೀರ್ಪಿನಲ್ಲಿದೆ. ಗ್ರಂಥಾಲಯದಲ್ಲಿ ಓದಿದಾಗ ಭಾಷಣದಂತೆ ಕಂಡಿದ್ದ ಆ ಮಾತು ಅಲ್ಲಿ ಪುರಾವೆಯಾಗಿ ಕಂಡಿತು. ಹೆಸರು, ಊರು ಬದಲಿಸಿಯೇ ಬರೆದೆ, ಅವರು ಮರುವರ್ಷ ಮುಂಗಡ ಕೊಟ್ಟ ಅದೇ ಮೇಸ್ತ್ರಿ ಹತ್ತಿರ ಹೋಗಬೇಕಾದವರು.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ), 'ಇದರಲ್ಲಿ ಅಂತರರಾಷ್ಟ್ರೀಯ ಕಾನೂನು ಎಲ್ಲಿದೆ?' ಎಂಬ ಪ್ರಶ್ನೆ ಬಂತು. ನಾನು ಐಎಲ್‌ಒದ (ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ) 1930ರ ಬಲವಂತದ ದುಡಿಮೆ ಒಪ್ಪಂದವನ್ನು ಹೆಸರಿಸಿದೆ, ಅಂತರರಾಷ್ಟ್ರೀಯ ಕಾನೂನನ್ನು ಗೌರವಿಸಿ ಅನ್ನುವ ಸಂವಿಧಾನದ 51ನೇ ವಿಧಿಯನ್ನು ಹೆಸರಿಸಿದೆ, ದೇಶದಲ್ಲಿ ಕಾನೂನೇ ಇಲ್ಲದ ಕಡೆ ಮಹಿಳಾ ಹಕ್ಕುಗಳ ಒಪ್ಪಂದವನ್ನು ಆಧರಿಸಿದ, ಕೆಲಸದ ಜಾಗದ ಲೈಂಗಿಕ ಕಿರುಕುಳದ ಕುರಿತ 1997ರ ವಿಶಾಖಾ ತೀರ್ಪನ್ನು ಹೆಸರಿಸಿದೆ. ಜೊತೆಗೆ, 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯಿದೆ ಒಡಂಬಡಿಕೆಯ ಹಕ್ಕನ್ನು ಒಪ್ಪಿದರೂ 'ಭಾರತದ ನ್ಯಾಯಾಲಯಗಳು ಜಾರಿ ಮಾಡಬಹುದಾದ' ಎಂಬ ಬಾಲ ಹಚ್ಚಿದೆ, ಆ ಬಾಲವೇ ನನ್ನ ವಿಷಯ ಅಂದೆ. ಪರೀಕ್ಷಕರು ನಕ್ಕರು.

ಈಗ ಇಂಥ ಪ್ರಕರಣ ಬಂದರೆ ಮೊದಲು ಜಿಲ್ಲಾಧಿಕಾರಿಗೆ ಅರ್ಜಿ ಕೊಡಿಸುತ್ತೇನೆ. ಸಾಲ ಜೀತದ್ದಲ್ಲ ಎಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು, 1976ರ ಕಾಯಿದೆಯ 15ನೇ ಕಲಂ. ಮಾನವ ಹಕ್ಕುಗಳ ಆಯೋಗಕ್ಕೆ ಹೋಗುವುದಾದರೆ ಘಟನೆ ನಡೆದು ಒಂದು ವರ್ಷ ದಾಟಬಾರದು. ಅಲ್ಲಿಂದ ಬರುವುದು ಶಿಫಾರಸು, ಆದೇಶವಲ್ಲ. ಅದಕ್ಕೇ ಹೈಕೋರ್ಟ್ ಬಾಗಿಲು ತೆರೆದಿಟ್ಟುಕೊಳ್ಳಬೇಕು. 2008ರಲ್ಲಿ ಇಲ್ಲಿ ಪೀಠ ಬಂದ ಮೇಲೆ ಅದಕ್ಕೆ ಬೆಂಗಳೂರಿನ ರೈಲು ಹತ್ತಬೇಕಿಲ್ಲ.