ವಾಹನ ತೆರಿಗೆಯ ಪ್ರಸ್ತಾವಕ್ಕೆ ಮತ ಹಾಕುವ ಮುನ್ನ ಅದನ್ನು ಓದುವ ಬಗೆ

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕಾರಿನ ವಾರ್ಷಿಕ ತೆರಿಗೆಯನ್ನು ಬದಲಿಸುವ ಪ್ರಸ್ತಾವ ನೇರವಾಗಿ ಜನರ ಮತಕ್ಕೆ ಬರುವುದುಂಟು. ಸಿಯಾಟಲ್, ಬೆಲ್‌ವ್ಯೂ ಸುತ್ತ ನೆಲೆಸಿ ಅಲ್ಲಿನ ಪೌರತ್ವ ಪಡೆದಿರುವ ನಮ್ಮವರಲ್ಲಿ ಅನೇಕರು ಶೀರ್ಷಿಕೆಯನ್ನಷ್ಟೇ ಓದಿ ಮತ ಹಾಕಿಬಿಡುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ. (ಗ್ರೀನ್ ಕಾರ್ಡ್ ಇದ್ದ ಮಾತ್ರಕ್ಕೆ ಮತದಾನದ ಹಕ್ಕು ಬರುವುದಿಲ್ಲ.) ಉದಾಹರಣೆಗೆ 2019ರ ಇನಿಶಿಯೇಟಿವ್ 976 ಅನ್ನೇ ತೆಗೆದುಕೊಳ್ಳೋಣ. ಕಾರಿನ ವಾರ್ಷಿಕ ಶುಲ್ಕವನ್ನು 30 ಡಾಲರಿಗೆ ಇಳಿಸಬೇಕೆಂದು ಜನರ ಸಹಿ ಸಂಗ್ರಹಿಸಿ ಮತಕ್ಕೆ ತಂದ ಪ್ರಸ್ತಾವ ಅದು.

ಮೊದಲು, ರಾಜ್ಯ ಸರ್ಕಾರ ಮನೆಗೆ ಕಳಿಸುವ ಮತದಾರರ ಕೈಪಿಡಿಯನ್ನು ಎತ್ತಿಟ್ಟುಕೊಳ್ಳಿ.

ಎರಡನೆಯದಾಗಿ, ನಿಮ್ಮ ಕಾರಿನ ನೋಂದಣಿ ನವೀಕರಣದ ಬಿಲ್ಲನ್ನು ಸಾಲು ಸಾಲಾಗಿ ನೋಡಿ. ಮೂಲ ಶುಲ್ಕ 30 ಡಾಲರ್ ಆದರೂ ಸೌಂಡ್ ಟ್ರಾನ್ಸಿಟ್ (ಸಿಯಾಟಲ್ ಸುತ್ತಲಿನ ರೈಲು, ಬಸ್ಸು ನಡೆಸುವ ಸಾರ್ವಜನಿಕ ಸಂಸ್ಥೆ) ವ್ಯಾಪ್ತಿಯಲ್ಲಿ ವಾಹನದ ಮೌಲ್ಯದ ಮೇಲೆ ಶೇ 1.1ರಷ್ಟು ತೆರಿಗೆ ಸೇರುತ್ತದೆ. ಅಂದರೆ 10,000 ಡಾಲರಿಗೆ 110 ಡಾಲರ್. ಆ ಮೌಲ್ಯ ಮಾರುಕಟ್ಟೆಯ ಬೆಲೆಯಲ್ಲ, ತಯಾರಕರು ಸೂಚಿಸಿದ ಮೂಲ ಬೆಲೆಯಿಂದ ಕಾನೂನಿನ ಸವಕಳಿ ಪಟ್ಟಿಯಂತೆ ಇಳಿಸಿದ ಮೊತ್ತ. ಈ ತೆರಿಗೆಯ ಮೇಲಿನ ಜನರ ಸಿಟ್ಟಿಗೆ ಇದೂ ಒಂದು ಕಾರಣವಾಗಿತ್ತು, ಮತ್ತು ಆ ಸಿಟ್ಟು ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ.

ಮೂರನೆಯ ಹಂತದಲ್ಲೇ ಎಲ್ಲರೂ ಎಡವುವುದು. ಶೀರ್ಷಿಕೆಯನ್ನು ಓದಿ ನಿಲ್ಲಿಸದೆ ಕೈಪಿಡಿಯಲ್ಲಿ ಅಚ್ಚಾಗಿರುವ ಪೂರ್ಣ ಪಠ್ಯವನ್ನು ತೆರೆದು, ಶೀರ್ಷಿಕೆಯ ಒಂದೊಂದು ಮಾತೂ ಅಲ್ಲಿ ಎಲ್ಲಿದೆ ಎಂದು ಪೆನ್ಸಿಲ್ಲಿನಲ್ಲಿ ಗುರುತು ಮಾಡುತ್ತಾ ಹೋಗಿ. 'ಹೊರತುಪಡಿಸಿ' ಎಂಬ ಅರ್ಥದ ಪದ ಬಂದಲ್ಲೆಲ್ಲ ನಿಲ್ಲಿ. 976ರ ಶೀರ್ಷಿಕೆಯು, ಮತದಾರರು ಒಪ್ಪಿದ ಶುಲ್ಕಗಳನ್ನು ಹೊರತುಪಡಿಸಿ ವಾಹನದ ವಾರ್ಷಿಕ ಪರವಾನಗಿ (ಅಂದರೆ ನೋಂದಣಿ) ಶುಲ್ಕವನ್ನು 30 ಡಾಲರಿಗೆ ಮಿತಿಗೊಳಿಸುವುದಾಗಿ ಹೇಳಿತ್ತು. ಇದನ್ನು ಓದಿದವರು 2016ರಲ್ಲಿ ತಾವೇ ಒಪ್ಪಿದ್ದ ಸೌಂಡ್ ಟ್ರಾನ್ಸಿಟ್ ರೈಲು ಯೋಜನೆಯ ತೆರಿಗೆ ಉಳಿಯುತ್ತದೆಂದು ತಿಳಿಯುವುದು ಸಹಜ. ಆದರೆ ಪಠ್ಯದಲ್ಲಿ ಆ ವಿನಾಯಿತಿ ಇದ್ದದ್ದು ಮುಂದೆ ಒಪ್ಪಿಗೆ ಪಡೆಯುವ ಶುಲ್ಕಗಳಿಗೆ ಮಾತ್ರ. ಸುಮಾರು ಶೇ 53 ಮತ ಪಡೆದು ಗೆದ್ದ ಪ್ರಸ್ತಾವವನ್ನು ರಾಜ್ಯದ ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನಲ್ಲಿ ರದ್ದುಪಡಿಸಿದ್ದು ಈ ದಾರಿತಪ್ಪಿಸುವ ಮಾತಿಗಾಗಿ ಮತ್ತು ಒಂದೇ ಮಸೂದೆಯಲ್ಲಿ ಒಂದಕ್ಕಿಂತ ಹೆಚ್ಚು ವಿಷಯ ತುರುಕಿದ್ದಕ್ಕಾಗಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಬರುವ 'ಹೀಗೆ ಮತ ಹಾಕಿ' ಪಟ್ಟಿಯಾಗಲಿ, ಬಾಗಿಲಿಗೆ ಬರುವ ಹೊಳಪಿನ ಕರಪತ್ರವಾಗಲಿ ಈ ಓದಿಗೆ ಬದಲಿಯಾಗಲಾರದು. ಅವನ್ನು ಕಸಕ್ಕೆ ಹಾಕುವುದೇ ಲೇಸು.

ನಂತರ ಹಣಕಾಸಿನ ಪರಿಣಾಮದ ಪುಟವನ್ನು ಓದಿ. 976ರಿಂದ ಆರು ವರ್ಷಗಳಲ್ಲಿ ರಾಜ್ಯಕ್ಕೂ ಸ್ಥಳೀಯ ಸಂಸ್ಥೆಗಳಿಗೂ ಒಟ್ಟು 400 ಕೋಟಿ ಡಾಲರಿಗೂ ಹೆಚ್ಚು ಆದಾಯ ತಪ್ಪುವ ಅಂದಾಜಿತ್ತು. ನಿಮ್ಮ ಬಿಲ್ಲಿನಲ್ಲಿ ಉಳಿಯುವ ಹಣವನ್ನೂ ನೀವು ಹತ್ತುವ ಬಸ್ಸು, ಓಡಾಡುವ ರಸ್ತೆ ಕಳೆದುಕೊಳ್ಳುವ ಹಣವನ್ನೂ ಎದುರುಬದುರು ಬರೆದುಕೊಂಡು ತೀರ್ಮಾನಿಸಿ.

ಕೊನೆಗೆ, ಅಂಚೆಯಲ್ಲಿ ಮನೆಗೆ ಬಂದ ಮತಪತ್ರದಲ್ಲಿ ಗುರುತು ಹಾಕಿ, ಅದನ್ನು ಹಿಂದಿರುಗಿಸುವ ಲಕೋಟೆಯ ಮೇಲೆ ದಾಖಲೆಯಲ್ಲಿರುವಂತೆಯೇ ಸಹಿ ಮಾಡಿ. ಅಂಚೆಗಿಂತ ಡ್ರಾಪ್ ಬಾಕ್ಸೇ (ಮತಪತ್ರ ಹಾಕಲೆಂದು ಇಟ್ಟಿರುವ ಪೆಟ್ಟಿಗೆ) ಮೇಲು; ಚುನಾವಣೆಯ ದಿನ ರಾತ್ರಿ 8ಕ್ಕೆ ಅದನ್ನು ಮುಚ್ಚುತ್ತಾರೆ.