ಆಲ್ಬ್ ಬೆಟ್ಟದ ಹಳ್ಳಿಯಲ್ಲಿ ನೆಟ್ ಬರಿಸಿದ್ದು: ನನ್ನ ಅನುಭವ

ಜರ್ಮನಿಯ ಹಳ್ಳಿಮನೆಯ ಮೊಬೈಲ್ ಇಂಟರ್ನೆಟ್ಟಿನಲ್ಲಿ ಸಂಜೆ ಹೊತ್ತಿನ ಮೂರು ಎಂಬಿಪಿಎಸ್‌ನಿಂದ ಐವತ್ತೈದಕ್ಕೆ ಬಂದೆ. ಹದಿನೈದು ತಿಂಗಳು ಬಾಕಿ ಇದ್ದ ಕಾಂಟ್ರ್ಯಾಕ್ಟಿನಿಂದ ಹೊರಗೆ ಬಂದೆ. ಮೇಲಿಂದ ಮೊಬೈಲ್ ಕಂಪನಿಯಿಂದ ನೂರು ಚಿಲ್ಲರೆ ಯೂರೋ ವಾಪಸ್ ತಗೊಂಡೆ. "ಇಲ್ಲಿ ಎರಡು ವರ್ಷ ಅಂದ್ರೆ ಎರಡು ವರ್ಷವೇ, ಕಟ್ಟಿ ಸುಮ್ನಿರೋ" ಅಂತ ಬುದ್ಧಿ ಹೇಳಿದ್ದ ಸ್ಟುಟ್‌ಗಾರ್ಟ್ ಗೆಳೆಯರೇ ಈಗ ಒಬ್ಬೊಬ್ಬರಾಗಿ ಫೋನ್ ಮಾಡಿ "ಕಂಪನಿಗೆ ಬರೆದ ಆ ಲೆಟರ್ ಸ್ವಲ್ಪ ಕಳ್ಸು ಗುರೂ" ಅಂತಿದ್ದಾರೆ. ಎಲ್ಲರಿಗೂ ಬೇರೆ ಬೇರೆ ಹೇಳೋದಕ್ಕಿಂತ ಒಂದೇ ಸಲ ಬರೆದುಬಿಡೋಣ ಅಂತ ಕೂತೆ. ಬ್ಯಾಂಡ್, ಸೆಲ್, ಆರ್‌ಎಸ್‌ಆರ್‌ಪಿ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಬ್ಯಾಂಡ್ ಅಂದ್ರೆ ಸಿಗ್ನಲ್ ಹರಿಯೋ ತರಂಗದ ಪಟ್ಟಿ, ಸೆಲ್ ಅಂದ್ರೆ ಟವರಿನ ಒಂದು ದಿಕ್ಕಿನ ವ್ಯಾಪ್ತಿ, ಆರ್‌ಎಸ್‌ಆರ್‌ಪಿ ಅಂದ್ರೆ ನಮಗೆ ತಲುಪೋ ಸಿಗ್ನಲ್ಲಿನ ಬಲ, ಮೈನಸ್ ಅಂಕಿಯಲ್ಲಿ, ಸೊನ್ನೆಗೆ ಹತ್ತಿರವಾದಷ್ಟು ಒಳ್ಳೇದು.

ಮನೆ ಇರೋದು ಶ್ವೇಬಿಷೆ ಆಲ್ಬ್ ಬೆಟ್ಟದ ಮೇಲೆ, ರಾಯ್ಟ್ಲಿಂಗನ್‌ನಿಂದ ಬಸ್ಸಲ್ಲಿ ಮುಕ್ಕಾಲು ಗಂಟೆ. ಬಾಡಿಗೆ ಕಮ್ಮಿ ಅಂತ 2022ರ ಅಕ್ಟೋಬರಿನಲ್ಲಿ ಬಂದ್ವಿ. ತಂತಿ ಇಂಟರ್ನೆಟ್ ಈ ಮನೆಗೆ ಹದಿನಾರು ಎಂಬಿಪಿಎಸ್ ಮೇಲೆ ಕೊಡಲ್ಲ ಅಂದ್ರು. ಅಂಗಡಿಯವನು ಮೊಬೈಲ್ ಸಿಮ್ ಹಾಕೋ ರೌಟರ್ ಒಂದನ್ನ ಹೊಗಳಿದ. ಮುನ್ನೂರು ಎಂಬಿಪಿಎಸ್ ತನಕ, ಡೇಟಾಗೆ ಮಿತಿ ಇಲ್ಲ, ತಿಂಗಳಿಗೆ 45 ಯೂರೋ, 24 ತಿಂಗಳು. ನಾನು ಆ "ತನಕ"ವನ್ನ ಗಮನಿಸದೆ ಸಹಿ ಹಾಕಿದೆ. ಜರ್ಮನಿನಲ್ಲಿ ಅದು "ಬಿಸ್ ಟ್ಸೂ", ಎರಡೇ ಪುಟ್ಟ ಪದ. ಮುಂದಿನ ಒಂಬತ್ತು ತಿಂಗಳು ಅವೇ ನನ್ನನ್ನ ಕುಣಿಸಿದ್ದು.

ಊರಲ್ಲಿ ಅಪ್ಪಯ್ಯನಿಗೆ ಹೇಳಿದ್ರೆ ನಕ್ಕರು. ಹೊಸನಗರದ ನಮ್ಮನೆಯಲ್ಲಿ ಲಾಕ್‌ಡೌನ್ ಕಾಲದಲ್ಲಿ ನಾನು ಗುಡ್ಡದ ಮೇಲೆ ತಾಡಪತ್ರಿ ಕಟ್ಕೊಂಡು ಆಫೀಸ್ ಕೆಲಸ ಮಾಡಿದವನು. "ಎಂತದಾ ಮಾರಾಯ, ಜರ್ಮನೀಲೂ ಗುಡ್ಡ ಹತ್ತಬೇಕನಾ?" ಅಂದ್ರು. 2018ರಲ್ಲಿ ಇಲ್ಲಿನ ಕೇಂದ್ರ ಸಚಿವೆಯೊಬ್ಬರು ಪ್ರತಿಯೊಂದು ಹಾಲಿನ ಕ್ಯಾನಿಗೂ, ಅಂದ್ರೆ ಮೂಲೆ ಮೂಲೆಯ ಹಳ್ಳಿಗೂ, ಫೈವ್‌ಜಿ ಬೇಕಾಗಿಲ್ಲ ಅಂತ ಅಂದಿದ್ದು ದೊಡ್ಡ ಗಲಾಟೆಯಾಗಿತ್ತು. ನಮ್ಮ ಎದುರು ಮನೆಯಲ್ಲಿ ನಿಜವಾಗಿ ಹಾಲಿನ ಕ್ಯಾನುಗಳಿವೆ. ಹಾಗಾಗಿ ಆ ಮಾತು ಅರ್ಥವಾಗೋಕೆ ನನಗೆ ಡಿಕ್ಷನರಿ ಬೇಕಾಗಲಿಲ್ಲ.

ಸಿಗ್ನಲ್ ಕದಿಯೋ ಮೊದಲ ಕಳ್ಳ ಸಿಕ್ಕಿದ್ದು ಕಿಟಕಿಯಲ್ಲಿ. ಮನೆ ಹಳೇದು, ಕಿಟಕಿ ಮಾತ್ರ ಹೊಸದು, ಚಳಿ ತಡೆಯೋಕೆ ಗಾಜಿನ ಒಳಗೆ ಲೋಹದ ತೆಳು ಲೇಪ ಇರೋ ಜಾತಿ. ಶಾಖವನ್ನ ಒಳಗಡೆ ಹಿಡಿದಿಡೋ ಲೇಪ ಸಿಗ್ನಲ್ಲನ್ನ ಹೊರಗಡೆ ಹಿಡಿದಿಡತ್ತೆ. ಕಿಟಕಿ ಮುಚ್ಚಿದ್ರೆ ಸಿಗ್ನಲ್ಲಿನ ಬಲ ಮೈನಸ್ 112, ತೆರೆದ್ರೆ ಮೈನಸ್ 98ರ ಹತ್ತಿರ. ಒಂದು ಜನವರಿಯ ಬೆಳಿಗ್ಗೆ ಹೊರಗೆ ಮೈನಸ್ ಎಂಟು ಡಿಗ್ರಿ. ಕಿಟಕಿ ಪೂರ್ತಿ ತೆರೆದು, ಜಾಕೆಟ್ ಟೋಪಿ ಹಾಕ್ಕೊಂಡು ಮೀಟಿಂಗಿನಲ್ಲಿ ಕೂತಿದ್ದೆ. ಮ್ಯಾನೇಜರ್ ಕ್ಯಾಮೆರಾ ನೋಡಿ "ಹೊರಗಿದ್ದೀರಾ?" ಅಂತ ಕೇಳಿದ. ಹೌದು ಅಂದೆ. ಬೇರೆ ಹೇಳೋಕೆ ಹೋದ್ರೆ ದೊಡ್ಡ ಕತೆ.

ಆಮೇಲೆ ದುಡ್ಡು ಹೋಗೋಕೆ ಶುರುವಾಯ್ತು. ಆನ್‌ಲೈನಲ್ಲಿ ಸಿಗ್ನಲ್ ಬೂಸ್ಟರ್ ಒಂದು ತರಿಸಿದೆ, 120 ಯೂರೋ. ಡಬ್ಬ ಒಡೆದ ಮೇಲೆ ಗೊತ್ತಾಯ್ತು, ನೆಟ್‌ವರ್ಕ್ ಕಂಪನಿಯ ಒಪ್ಪಿಗೆ ಇಲ್ಲದೆ ಅಂಥ ರಿಪೀಟರ್ ಹಚ್ಚೋದು ಇಲ್ಲಿ ತಪ್ಪು ಅಂತ. ಹದಿನಾಲ್ಕು ದಿನದ ಒಳಗೆ ವಾಪಸ್ ಕಳಿಸಿದೆ. ಅಂಚೆ ಖರ್ಚು ಏಳೋ ಎಂಟೋ ಯೂರೋ ಕೈಬಿಟ್ಟಿತು. ನಡುವೆ ರೌಟರ್ ಹಿಂದೆ ಇಡ್ಲಿ ತಟ್ಟೆ ನಿಲ್ಲಿಸಿ ನೋಡಿದ್ದೂ ಉಂಟು. ಸಿಗ್ನಲ್ ಎರಡು ಡಿಬಿ, ಅಂದ್ರೆ ಆ ಅಂಕಿಯಲ್ಲಿ ಎರಡರಷ್ಟು, ಏರಿತು, ಸುಳ್ಳಲ್ಲ. ಭಾನುವಾರ ಮನೆಯವಳು ತಟ್ಟೆ ತಗೊಂಡು ಹೋದಳು, ಆ ಪ್ರಯೋಗ ಅಲ್ಲಿಗೆ ಮುಗೀತು.

ಕೊನೆಗೆ ರೌಟರಿನ ಎಸ್‌ಎಂಎ ಕಿಂಡಿಗೆ (ಹೊರಗಿನ ಆಂಟೆನಾ ಸಿಕ್ಕಿಸೋ ಜಾಗ) ಹಾಕೋ ಎರಡು ಲಾಗ್ ಪೀರಿಯಾಡಿಕ್ ಆಂಟೆನಾ, ಅಂದ್ರೆ ಒಂದೇ ದಿಕ್ಕಿಗೆ ಗುರಿ ಇಡೋ ಜಾತಿ, ಕೊಂಡೆ, ಜೋಡಿಗೆ 130 ಯೂರೋ. ಜೊತೆಗೆ ಬಂದಿದ್ದು ಹತ್ತು ಮೀಟರಿನ ತೆಳು ಕೇಬಲ್. ಆಂಟೆನಾ ಗಳಿಸಿದ್ದನ್ನೆಲ್ಲ ಕೇಬಲ್ಲೇ ತಿಂದುಹಾಕ್ತಿತ್ತು. ರೌಟರನ್ನೇ ಬಾಲ್ಕನಿ ಬಾಗಿಲ ಪಕ್ಕಕ್ಕೆ ತಂದು ಮೂರು ಮೀಟರಿನ ದಪ್ಪ ಕೇಬಲ್ ಹಾಕಿದ ಮೇಲೆ ಮೈನಸ್ 91. ಆ ಕೇಬಲ್ಲಿಗೆ, ಬಾಗಿಲ ಸಂದಿಯಲ್ಲಿ ನುಸುಳೋ ಚಪ್ಪಟೆ ಕೇಬಲ್ಲಿಗೆ ಸೇರಿ ಇನ್ನೊಂದು ಎಪ್ಪತ್ತು.

ಗೋಡೆಗೆ ತೂತು ಕೊರೆಯೋ ಹಾಗಿಲ್ಲ. ಮನೆ ಒಡತಿ ಅಜ್ಜಿ ಕೆಳಗಿನ ಮನೆಯಲ್ಲೇ ಇರೋದು. ಶ್ವಾಬಿಯಾದವರ ಕೇರ್‌ವೋಖೆ ಗೊತ್ತಲ್ಲ, ಸರದಿ ಪ್ರಕಾರ ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು, ಅಂಗಳ ಗುಡಿಸಬೇಕು. ನಾನು ಮೂರು ಸರದಿ ಚೊಕ್ಕ ಗುಡಿಸಿ, ಒಂದು ಸಲ ಅಜ್ಜಿಯ ಪಾಲಿನ ಹಿಮವನ್ನೂ ಎತ್ತಿಹಾಕಿ, ಆಮೇಲೆ ಆಂಟೆನಾ ಮಾತು ಎತ್ತಿದೆ. "ಬಿಸಿಲು ಕೊಡೆ ಸ್ಟ್ಯಾಂಡಿಗೆ ಕಟ್ಟಿಕೊಳ್ಳಿ, ಗೋಡೆ ಮುಟ್ಟಬೇಡಿ, ಭಾನುವಾರ ಸದ್ದು ಬೇಡ" ಅಂದ್ರು. ಕೊಡೆಯ ಕಂಬಕ್ಕೆ ಒಂದನ್ನ ಬಲಕ್ಕೆ, ಒಂದನ್ನ ಎಡಕ್ಕೆ ನಲವತ್ತೈದು ಡಿಗ್ರಿ ವಾಲಿಸಿ ಕಟ್ಟಿದೆ.

ಐದೂ ಕಡ್ಡಿ ತುಂಬಿತು. ಖುಷಿಯಲ್ಲಿ ಸಂಜೆ ಎಂಟಕ್ಕೆ ಸ್ಪೀಡ್ ನೋಡ್ತೀನಿ, ನಾಲ್ಕು ಎಂಬಿಪಿಎಸ್.

ಇನ್ನೂರು ಯೂರೋ ನೀರಿಗೆ ಹಾಕಿದೆ ಅಂತ ಒಂದು ವಾರ ಆಂಟೆನಾ ಕಡೆ ನೋಡಲಿಲ್ಲ. ತಪ್ಪು ಆಂಟೆನಾದ್ದಲ್ಲ. ನಾನು ಹಿಡಿದಿದ್ದ ಟವರಲ್ಲಿ ಇದ್ದದ್ದು 800 ಮೆಗಾಹರ್ಟ್ಸ್ ಬ್ಯಾಂಡ್ ಒಂದೇ, ಹತ್ತು ಮೆಗಾಹರ್ಟ್ಸ್ ಅಗಲದ್ದು. ದೂರ ತಲುಪತ್ತೆ, ಅಗಲ ಕಮ್ಮಿ, ಒಟ್ಟಿಗೆ ತುಂಬಾ ಜನಕ್ಕೆ ಸಾಲಲ್ಲ. ಸುತ್ತಿನ ಮೂರು ಹಳ್ಳಿ ಸಂಜೆಯಾದ್ರೆ ಅದರಲ್ಲೇ ಸಿನಿಮಾ ನೋಡತ್ತೆ. 2021ರಲ್ಲಿ ತ್ರೀಜಿ ಮುಚ್ಚಿದ ಮೇಲೆ ಎಲ್ಲರೂ ಬಂದು ಬೀಳೋದು ಅದರ ಮೇಲೇ. ರಾತ್ರಿ ಎರಡು ಗಂಟೆಗೆ ಅದೇ ಟವರಲ್ಲಿ ನಲವತ್ತು ಬರ್ತಿತ್ತು. ರಾಸ್ಪ್‌ಬೆರ್ರಿ ಪೈ ಅನ್ನೋ ಪುಟಾಣಿ ಕಂಪ್ಯೂಟರ್ ಒಂದಕ್ಕೆ ಗಂಟೆಗೊಂದು ಸಲ ವೇಗ ಅಳೆಯೋ ಸ್ಕ್ರಿಪ್ಟ್ ಹಾಕಿ ಆರು ವಾರ ಬಿಟ್ಟೆ. ಗ್ರಾಫ್ ನೋಡಿದ್ರೆ ದಿನಾ ಸಂಜೆ ಆರಕ್ಕೆ ಬಾವಿ, ಹನ್ನೊಂದಕ್ಕೆ ದಡ.

ಬೇರೆ ಕಂಪನಿಯದ್ದು ಹೇಗಿದೆ ನೋಡೋಕೆ ನಾನು ಬಳಸಿದ್ದು ಊರಿನ, ಅಂದ್ರೆ ಭಾರತದ, ಸಿಮ್ಮು. ಬ್ಯಾಂಕಿನ ಓಟಿಪಿಗೆ ಅಂತ ಎಲ್ಲರ ಡ್ರಾಯರಲ್ಲೂ ಒಂದು ಇರತ್ತೆ. ಇಲ್ಲಿಯ ಸಿಮ್ಮು ತನ್ನ ಮನೆಯ ಟವರನ್ನ ಮಾತ್ರ ನೋಡತ್ತೆ, ರೋಮಿಂಗಿನ ಸಿಮ್ಮಿಗೆ ಆ ನಿಯತ್ತಿಲ್ಲ. ನೆಟ್‌ವರ್ಕನ್ನ ಕೈಯಾರೆ ಆರಿಸಿ, ಡೇಟಾ ಆಫ್ ಇಟ್ಟು, ಒಂದೊಂದಾಗಿ ಹಿಡಿದು ಅಂಕಿ ಬರ್ಕೊಂಡೆ. ಪೈಸೆ ಖರ್ಚಿಲ್ಲ. ಕಣಿವೆ ಆಚೆ ದಿಣ್ಣೆಯ ಮೇಲೆ ಇನ್ನೊಂದು ಕಂಪನಿಯ 1800 ಮೆಗಾಹರ್ಟ್ಸ್, ಇಪ್ಪತ್ತು ಅಗಲದ್ದು, ಸಿಕ್ಕಿತು. ಫೋನಿಗೆ ಮೈನಸ್ 115, ಅಂದ್ರೆ ಬಹುತೇಕ ಇಲ್ಲ ಅನ್ನೋ ಲೆಕ್ಕ. ಅದಕ್ಕೇ ಯಾರೂ ಅದನ್ನ ಬಳಸ್ತಿರಲಿಲ್ಲ, ಅದಕ್ಕೇ ಅದು ಖಾಲಿ.

ಆ ಕಂಪನಿಯ ಪ್ರೀಪೇಯ್ಡ್ ತಗೊಂಡೆ. 2017ರಿಂದ ಇಲ್ಲಿ ಪ್ರೀಪೇಯ್ಡಿಗೂ ಗುರುತು ತೋರಿಸಬೇಕು, ವಿಡಿಯೋ ಕಾಲಲ್ಲಿ ಪಾಸ್‌ಪೋರ್ಟ್ ಹಿಡಿದು. ಇಂಟರ್ನೆಟ್ ಇಲ್ಲ ಅಂತ ಸಿಮ್ ಕೊಳ್ಳೋನಿಗೆ ವಿಡಿಯೋ ಕಾಲ್! ಮೂರು ಸಲ ಕಡಿದು ಹೋಯ್ತು, ನಾಲ್ಕನೇ ಸಲ ಅಂಚೆ ಕಚೇರಿಗೆ ಹೋಗಿ ಮಾಡಿಸ್ಕೊಂಡೆ. ಆಂಟೆನಾ ತಿರುಗಿಸಿ, ರೌಟರನ್ನ ಬ್ಯಾಂಡ್ ಮೂರಕ್ಕೆ, ಅಂದ್ರೆ ಆ 1800ಕ್ಕೆ, ಕಟ್ಟಿಹಾಕಿ ಸಂಜೆ ಎಂಟಕ್ಕೆ ನೋಡಿದ್ರೆ 57. ರೌಟರ್ ತಾನಾಗಿ ಹಳೇ ಚಟಕ್ಕೆ 800ಕ್ಕೆ ಓಡಿಹೋಗದ ಹಾಗೆ ಒಂದು ಸೆಲ್ಲಿಗೇ ಗೂಟ ಹೊಡೆಯೋ ವಿಧಾನವೂ ಇದೆ. ಅದನ್ನ ಇಲ್ಲಿ ಬರೆಯಲ್ಲ. ಈ ಹಳ್ಳಿಯವರೆಲ್ಲ ಆ ದಿಣ್ಣೆಗೇ ತಿರುಗಿದ್ರೆ ನನ್ನ ಗತಿ?

ಉಳಿದದ್ದು ಹಳೇ ಕಾಂಟ್ರ್ಯಾಕ್ಟು. ಕಸ್ಟಮರ್ ಕೇರಿಗೆ ಮಾಡಿದ ಕರೆಗಳ ಲೆಕ್ಕ ಹತ್ತೊಂಬತ್ತಕ್ಕೆ ಬಿಟ್ಟೆ. ಮೊದಲು ಯಂತ್ರ, ಅದಕ್ಕೆ ನನ್ನ ಜರ್ಮನ್ ತಿಳಿಯಲ್ಲ. ಆಮೇಲೆ ನಲವತ್ತು ನಿಮಿಷ ಸಂಗೀತ. ಆಮೇಲೆ ಬರೋ ಮನುಷ್ಯ "ರೌಟರ್ ಆಫ್ ಮಾಡಿ ಆನ್ ಮಾಡಿ" ಅಂತಾನೆ. ಪ್ರತಿ ಸಲ ಹೊಸಬ, ಹಿಂದಿನವನು ಬರೆದಿಟ್ಟದ್ದು ಏನೂ ಇರಲ್ಲ. ಒಬ್ಬ ಹತ್ತು ಯೂರೋ ಕ್ರೆಡಿಟ್ ಕೊಡ್ತೀನಿ ಅಂದ, ಅದೂ ಬರಲಿಲ್ಲ.

ಸಿಟ್ಟಿಗೆ ಒಂದು ಮೂರ್ಖ ಕೆಲಸ ಮಾಡಿದೆ. ಖಾತೆಯಿಂದ ತಾನಾಗಿ ಕಡಿದ ದುಡ್ಡನ್ನ ಎಂಟು ವಾರದ ಒಳಗೆ ಬ್ಯಾಂಕಿಗೆ ಹೇಳಿ ವಾಪಸ್ ತರಿಸಬಹುದು. ಒಂದು ತಿಂಗಳದ್ದು ತರಿಸಿದೆ. ಹತ್ತು ದಿನದಲ್ಲಿ ನೋಟಿಸು, ಜೊತೆಗೆ ದಂಡ, ಕೊನೆ ಸಾಲಲ್ಲಿ ವಸೂಲಿ ಕಂಪನಿಯ ಬೆದರಿಕೆ. ಶೂಫಾದಲ್ಲಿ (ಇಲ್ಲಿ ಜನರ ಸಾಲ, ಬಾಕಿಯ ದಾಖಲೆ ಇಡೋ ಸಂಸ್ಥೆ) ಕಪ್ಪು ಚುಕ್ಕೆ ಬಿದ್ರೆ ಮುಂದೆ ಬಾಡಿಗೆ ಮನೆ ಸಿಗೋದೂ ಕಷ್ಟ. ಒಂಬತ್ತು ಯೂರೋ ದಂಡ ಸೇರಿಸಿ ಕಟ್ಟಿದೆ. ಇದನ್ನ ಮಾತ್ರ ಯಾರೂ ಮಾಡಬೇಡಿ.

ಕೆಲಸ ಮಾಡಿದ್ದು ಕಾಗದ. 2021ರ ಡಿಸೆಂಬರಿನಿಂದ ಜಾರಿಯಲ್ಲಿರೋ ಇಲ್ಲಿನ ಟೆಲಿಕಾಂ ಕಾಯ್ದೆಯ 57ನೇ ಕಲಂ ಪ್ರಕಾರ, ಹೇಳಿದ ವೇಗಕ್ಕೂ ಕೊಡೋ ವೇಗಕ್ಕೂ ದೊಡ್ಡ ಅಂತರ ಮತ್ತೆ ಮತ್ತೆ ಬಂದ್ರೆ ಬಿಲ್ ಕಡಿಮೆ ಮಾಡಿಸಬಹುದು, ಇಲ್ಲ ಬಿಟ್ಟು ಹೋಗಬಹುದು. ತಂತಿ ಇಂಟರ್ನೆಟ್ಟಿಗೆ ಅದನ್ನ ಅಳೆಯೋ ಕ್ರಮ ಪಕ್ಕಾ ಇದೆ: ಟೆಲಿಕಾಂ ನಿಯಂತ್ರಣ ಸಂಸ್ಥೆಯ ಸಾಫ್ಟ್‌ವೇರು, ಮೂರು ಬೇರೆ ದಿನ, ದಿನಕ್ಕೆ ಹತ್ತು, ಒಟ್ಟು 30 ಅಳತೆ, ಐದನೇದಕ್ಕೂ ಆರನೇದಕ್ಕೂ ನಡುವೆ ಮೂರು ಗಂಟೆ. ಆಗ ಮೊಬೈಲಿಗೆ ಅಂಥದ್ದಿರಲಿಲ್ಲ. ಕನಿಷ್ಠ ವೇಗ ಅಂತಲೂ ಕಾಗದದಲ್ಲಿ ಬರೆಯಲ್ಲ, ಗರಿಷ್ಠದ ಅಂದಾಜು ಮಾತ್ರ. ಗೆಳೆಯರು ಆಗಲ್ಲ ಅಂದದ್ದು ಇದಕ್ಕೇ. ನಾನು ತಂತಿಯ ಕ್ರಮವನ್ನೇ ಹಾಗೆಹಾಗೇ ಮೊಬೈಲ್ ರೌಟರಿಗೆ ನಕಲು ಮಾಡಿದೆ, ಲ್ಯಾನ್ ಕೇಬಲ್ ಹಾಕಿ, ಜೊತೆಗೆ ಆರು ವಾರದ ಗ್ರಾಫ್. ಸಹಿ ಹಾಕಿದ ದಿನ ನಮ್ಮ ವಿಳಾಸಕ್ಕೆ ಅವರ ಮ್ಯಾಪ್ ಕಡುಬಣ್ಣ, ಅಂದ್ರೆ ಸಿಗ್ನಲ್ ಜೋರು ಅಂತ, ತೋರಿಸ್ತಿತ್ತು. ಅದರ ಸ್ಕ್ರೀನ್‌ಶಾಟ್ ದೇವರ ದಯೆಯಿಂದ ಫೋನಲ್ಲಿ ಉಳಿದಿತ್ತು.

ಪತ್ರ ಬರೆಯೋಕೆ ನಾಲ್ಕು ಸಂಜೆ ಹಿಡೀತು. ಕ್ಯುಂಡಿಗುಂಗ್ ಅಂದ್ರೆ ಕಾಂಟ್ರ್ಯಾಕ್ಟ್ ರದ್ದು, ನಗಬೇಡಿ. ಕಿಟೆಲ್ ಸಾಹೇಬರು 1903ರಲ್ಲಿ ತೀರಿಕೊಂಡದ್ದು ಇಲ್ಲೇ ಕೆಳಗೆ, ಟ್ಯೂಬಿಂಗನ್‌ನಲ್ಲಿ. ಅವರು ನಮ್ಮ ಭಾಷೆಗೆ ಅಷ್ಟು ದಪ್ಪದ ನಿಘಂಟು ಕಟ್ಟಿದರು, ನಾನು ಅವರ ಭಾಷೆಯ ಒಂದು ಪುಟಕ್ಕೆ ಬೆವರ್ತಿದ್ದೆ. ಪತ್ರದಲ್ಲಿ ಸಿಟ್ಟಿನ ಒಂದು ಪದ ಇಲ್ಲ. ಅಂಕಿ, ಕಲಂ, ಹದಿನಾಲ್ಕು ದಿನದ ಗಡುವು, ಗಡುವಿನ ತಾರೀಖು. ಕೊನೆಗೆ ಒಂದು ಸಾಲಿದೆ, ಅದನ್ನ ಎದುರಿಗೆ ಸಿಕ್ಕವರಿಗೆ ಮಾತ್ರ ಹೇಳ್ತೀನಿ. ರಿಜಿಸ್ಟರ್ಡ್ ಅಂಚೆ, ಐದು ಯೂರೋ ಒಳಗೆ.

ಮೊದಲ ಉತ್ತರ ರೆಡಿಮೇಡ್ ಕಾಪಿ, "ಬಿಸ್ ಟ್ಸೂ" ಬಗ್ಗೆ ಪಾಠ. ಎರಡನೇ ಪತ್ರದಲ್ಲಿ ನಿಯಂತ್ರಣ ಸಂಸ್ಥೆಯ ರಾಜಿ ವಿಭಾಗಕ್ಕೆ ಹೋಗ್ತೀನಿ ಅಂತ ಬರೆದು, ನಿಜವಾಗಿಯೂ ಅರ್ಜಿ ಹಾಕಿದೆ. ಅದಕ್ಕೆ ಶುಲ್ಕ ಇಲ್ಲ. ಐದು ವಾರ ಕಳೆದು, 2023ರ ಜುಲೈಯಲ್ಲಿ ಕಂಪನಿಯಿಂದ ಕಾಗದ ಬಂತು. ಕಾನೂನಿನ ಹೊಣೆ ಒಪ್ಪದೆ, ಬರೀ ಸೌಜನ್ಯಕ್ಕಾಗಿ, ಐದು ತಿಂಗಳ ಅರ್ಧ ಬಿಲ್ ವಾಪಸ್, ಕಾಂಟ್ರ್ಯಾಕ್ಟ್ ತಿಂಗಳ ಕೊನೆಗೆ ಮುಕ್ತಾಯ. ಸೌಜನ್ಯ ಅಂತಾದ್ರೂ ಕರೀಲಿ, ಖಾತೆಗೆ ಬಂತಲ್ಲ. ಆಂಟೆನಾ, ಕೇಬಲ್, ಸಿಮ್ಮು, ಅಂಚೆ ಎಲ್ಲ ಸೇರಿ ನನ್ನ ಖರ್ಚು 260ರ ಆಸುಪಾಸು. ಬಂದದ್ದು 110ರಷ್ಟು, ಕಟ್ಟೋದು ತಪ್ಪಿದ್ದು 675.

ಇದಾದ ಮೇಲೆ ಬ್ಯೋಬ್ಲಿಂಗನ್ ಗೆಳೆಯನೊಬ್ಬನ ತಂತಿ ಇಂಟರ್ನೆಟ್ಟಿಗೂ ಕೈಹಾಕಿದೆ. ಟೆಕ್ನಿಷಿಯನ್ ಬರ್ತೀನಂತ ಹೇಳಿ ಎರಡು ಸಲ ಕೈಕೊಟ್ಟಿದ್ದ. ಅದೇ ಕಾಯ್ದೆಯ 58ನೇ ಕಲಮಿನಲ್ಲಿ ಅದಕ್ಕೂ ದರ ಇದೆ: ತಪ್ಪಿದ ಪ್ರತಿ ಭೇಟಿಗೆ ಹತ್ತು ಯೂರೋ ಅಥವಾ ತಿಂಗಳ ಬಿಲ್ಲಿನ ಶೇಕಡಾ 20, ಯಾವುದು ಜಾಸ್ತಿಯೋ ಅದು. ಇಪ್ಪತ್ತು ಬಂತು. ಅವನು ನನಗೆ ದೋಸೆ ಕೊಡಿಸಿದ, ಅದಕ್ಕೇ ಇಪ್ಪತ್ತೆರಡಾಯ್ತು.

ಈಗ ತಿಂಗಳ ತಿಂಗಳ ಕಟ್ಟೋ ಪ್ಲಾನು, ಕಣಿವೆ ಆಚೆಯ ಟವರು. ಹೋದ ವಾರ ಒಂದು ಬೆಳಿಗ್ಗೆ ವೇಗ ಇದ್ದಕ್ಕಿದ್ದ ಹಾಗೆ ಮೂವತ್ತಕ್ಕೆ ಇಳೀತು. ಬಾಲ್ಕನಿಗೆ ಹೋಗಿ ನೋಡಿದ್ರೆ ಎರಡೂ ಆಂಟೆನಾ ಮೇಲೆ ಒದ್ದೆ ಹಿಮ ಗೇಣುದ್ದ ಕೂತಿತ್ತು. ಪೊರಕೆಯಲ್ಲಿ ಬಡಿದೆ, ಮತ್ತೆ ಐವತ್ತನಾಲ್ಕು. ಬಡಿದ ಹಿಮವೆಲ್ಲ ಅಜ್ಜಿಯ ಬಾಗಿಲ ಮುಂದೆ ಬಿತ್ತು. ಕೆಳಗಿಳಿದು ಗುಡಿಸಿ ಬಂದೆ, ಆ ವಾರದ ಸರದಿ ಹೇಗೂ ನಮ್ಮದೇ ಇತ್ತು.