ಬೇಲಿ ಒಂದೇ, ಸರ್ವೆ ನಂಬ್ರ ಬೇರೆ

ಕಾಸರಗೋಡಿನ ಪೆರ್ಲದಲ್ಲಿ ನಮ್ಮದು ಸಣ್ಣ ಅಡಿಕೆ ತೋಟ. ನೀರು ಖಾಲಿಯಾಗಿ ಪಂಪ್ ಸುಮ್ನೆ ತಿರುಗಿದರೆ ಅದು ಎಳೆಯುವ ಕರೆಂಟ್ ಇಳಿಯುತ್ತದೆ. ಅದನ್ನು ಹಿಡಿಯಲು ಒಂದು ಬೋರ್ಡ್ ಜೋಡಿಸಿ, ಮಳೆಗಾಲದಲ್ಲಿ ಚಾವಡಿಯಲ್ಲಿ ಕೂತು ಅದಕ್ಕೊಂದು ಲಿನಕ್ಸ್ ಡ್ರೈವರ್, ಅಂದರೆ ಬೋರ್ಡಿಗೂ ಲಿನಕ್ಸಿಗೂ ನಡುವಿನ ಪ್ರೋಗ್ರಾಂ, ಬರೆದೆ. ಡ್ರೈವರ್ ಮೆಮೊರಿಯಲ್ಲಿ ತಾನು ಕಾದಿಟ್ಟ 64 ಕೆಬಿ ಜಾಗಕ್ಕೆ, ಅಂದರೆ ಬಫರಿಗೆ, ಅಳತೆಗಳನ್ನು ತುಂಬುತ್ತದೆ, ಒಂದೊಂದೂ 2 ಬೈಟ್. ನನ್ನ ಪ್ರೋಗ್ರಾಂ ಆ ಬಫರನ್ನು ಎಂಮ್ಯಾಪ್ ಮಾಡಿಕೊಂಡು, ಅಂದರೆ ತನ್ನದೇ ಮೆಮೊರಿಯ ಹಾಗೆ ಜೋಡಿಸಿಕೊಂಡು, ನೇರವಾಗಿ ಓದುತ್ತದೆ.

ಗ್ರಾಫ್ ಶುರುವಲ್ಲಿ ಚಂದ ಬರುತ್ತಿತ್ತು, ಆಮೇಲೆ ಬರೀ ಕಸ. ಎರಡು ದಿನ ವೈರನ್ನು ಬೈದೆ, ಬೋರ್ಡನ್ನು ಬೈದೆ. ಮಳೆಗೆ ಏರಿಳಿಯುವ ಕರೆಂಟನ್ನೂ ಬಿಡಲಿಲ್ಲ. ಮೂರನೇ ದಿನ ಬುದ್ಧಿ ಬಂತು. ಬೋರ್ಡನ್ನು ಬಿಚ್ಚಿಟ್ಟು, ಡ್ರೈವರಿನಿಂದಲೇ 0, 1, 2 ಅಂತ ಸಂಖ್ಯೆ ತುಂಬಿಸಿದೆ. 2047ರ ತನಕ ಸರಿ, ಅಲ್ಲಿಂದ ಮುಂದೆ ಕಸ. ಅಂದರೆ 4096 ಬೈಟ್ ಸರಿ ಬಂದಿದೆ. ಸರಿಯಾಗಿ ಒಂದು ಪೇಜ್, ಅಂದರೆ ಲಿನಕ್ಸ್ ಮೆಮೊರಿ ಹಂಚುವ ಒಂದು ತುಂಡು! ಕಸದ ನಡುವೆ ಯಾವುದೋ ಫೈಲಿನ ಹೆಸರು ಕಂಡಾಗ ಮೈ ಜುಮ್ಮೆಂದಿತು. ಬೇರೆ ಯಾರದೋ ಮೆಮೊರಿಯನ್ನು ನಾನು ಓದುತ್ತಿದ್ದೆ. ಪುಣ್ಯಕ್ಕೆ ಬರೆಯುವ ಅನುಮತಿ ಕೇಳಿರಲಿಲ್ಲ.

ಅದೇ ಹೊತ್ತಿಗೆ ಅಪ್ಪ ತೋಟದ ಹಳೇ ಕಾಗದ ಹಿಡಿದುಕೊಂಡು ಬಂದರು. "ಬೇಲಿ ಒಂದೇ ಆದ್ರೆ ಏನಾಯ್ತು ಮಾರಾಯ, ಸರ್ವೆ ನಂಬ್ರ ಮೂರುಂಟು" ಅಂದರು.

ನನ್ನ ತಪ್ಪೂ ಅದೇ ಆಗಿತ್ತು. ಬಫರನ್ನು ವಿಮ್ಯಾಲಕ್ ಎಂಬ, ಮೆಮೊರಿ ಕೊಡುವ ಫಂಕ್ಷನ್‌ನಿಂದ ತೆಗೆದಿದ್ದೆ. ಲಿನಕ್ಸಿನ ತಿರುಳಾದ ಕರ್ನಲ್ಲಿನ ಕಣ್ಣಿಗೆ ಅದು ಒಂದೇ ಬೇಲಿಯ 16 ಪೇಜ್. ನಿಜವಾದ ರ‍್ಯಾಮ್‌ನಲ್ಲಿ ಒಂದೊಂದು ಪೇಜ್ ಒಂದೊಂದು ಕಡೆ ಇರಬಹುದು. ಎಂಮ್ಯಾಪ್‌ನಲ್ಲಿ ನಾನು ಮೊದಲ ಪೇಜಿನ ನಂಬರ್ ಮಾತ್ರ ಹುಡುಕಿ, ಪೇಜುಗಳನ್ನು ಸಾಲಾಗಿ ಜೋಡಿಸುವ ರೀಮ್ಯಾಪ್ ಪಿಎಫ್‌ಎನ್ ರೇಂಜ್ ಫಂಕ್ಷನ್‌ಗೆ "ಇಲ್ಲಿಂದ 64 ಕೆಬಿ" ಅಂದಿದ್ದೆ. ಅದು ಪಾಪ, ಸಾಲಾಗಿ ಪಕ್ಕದವರ ಜಾಗವನ್ನೂ ಸೇರಿಸಿ ಕೊಟ್ಟಿತ್ತು.

ಸರಿಪಡಿಸಲು ಫಾಲ್ಟ್ ಹ್ಯಾಂಡ್ಲರ್ ಬರೆದೆ. ಎಂಮ್ಯಾಪ್ ಹೊತ್ತಿಗೆ ಏನೂ ಜೋಡಿಸುವುದಿಲ್ಲ. ಪ್ರೋಗ್ರಾಂ ಒಂದು ಪೇಜನ್ನು ಮೊದಲ ಸಲ ಮುಟ್ಟಿದಾಗ ಪೇಜ್ ಫಾಲ್ಟ್ ಆಗುತ್ತದೆ, ಆಗ ಕರ್ನಲ್ ಡ್ರೈವರನ್ನು ಕೇಳುತ್ತದೆ. ನಾನು ಆ ಒಂದು ಪೇಜನ್ನು ವಿಮ್ಯಾಲಕ್ ಟು ಪೇಜ್‌ನಿಂದ ಹುಡುಕಿ ಕೊಡುತ್ತೇನೆ. ಒಳಗೊಂದು ಪ್ರಿಂಟ್ ಹಾಕಿ ನೋಡಿದೆ: 16 ಪೇಜ್, 16 ಸಾಲು. ಸಂಖ್ಯೆಗಳೂ ಕೊನೆಯ ತನಕ ಸರಿ. ಬೇಕೆಂದೇ 17 ಪೇಜ್ ಮ್ಯಾಪ್ ಮಾಡಿ ಕೊನೆಯದನ್ನು ಮುಟ್ಟಿದೆ. ಹ್ಯಾಂಡ್ಲರಿನಲ್ಲಿ ಗಡಿ ಹಾಕಿದ್ದರಿಂದ ಬಸ್ ಎರರ್ ಬಂದು ಪ್ರೋಗ್ರಾಂ ಸತ್ತಿತು. ಸಾಯಲೇಬೇಕಿತ್ತು, ಖುಷಿಯಾಯಿತು.

ಖುಷಿ ಜಾಸ್ತಿ ಹೊತ್ತು ಉಳಿಯಲಿಲ್ಲ. ಎರಡನೇ ಸಲ ಓಡಿಸಿದಾಗ ಮತ್ತೆ ಕಸ. ಡ್ರೈವರನ್ನು ಕರ್ನಲ್ಲಿನಿಂದ ತೆಗೆದರೆ ಕರ್ನಲ್ ಲಾಗ್‌ನಲ್ಲಿ "ಬ್ಯಾಡ್ ಪೇಜ್ ಸ್ಟೇಟ್", ಅಂದರೆ ಪೇಜಿನ ಸ್ಥಿತಿ ಕೆಟ್ಟಿದೆ ಅಂತ. ಮೊದಲ ಸಲ ಸರಿ, ಎರಡನೇ ಸಲ ಕೆಟ್ಟಿತು ಅಂದರೆ ಮುಗಿಸುವಾಗ ಏನೋ ಎಡವಟ್ಟಾಗಿದೆ, ಅಲ್ವಾ? ಹೌದು, ಗೆಟ್ ಪೇಜ್ ಕರೆಯುವುದನ್ನೇ ಮರೆತಿದ್ದೆ. ಪ್ರತಿ ಪೇಜಿಗೂ, ಅದನ್ನು ಎಷ್ಟು ಮಂದಿ ಹಿಡಿದಿದ್ದಾರೆ ಅನ್ನುವ ಒಂದು ಎಣಿಕೆ ಇರುತ್ತದೆ. ಪೇಜನ್ನು ಪ್ರೋಗ್ರಾಮಿಗೆ ಕೊಡುವಾಗ ಗೆಟ್ ಪೇಜ್‌ನಿಂದ ಆ ಎಣಿಕೆಯನ್ನು ಒಂದು ಏರಿಸಬೇಕು, ಏಕೆಂದರೆ ಪ್ರೋಗ್ರಾಂ ಮುಗಿದಾಗ ಕರ್ನಲ್ ಒಂದು ಇಳಿಸುತ್ತದೆ. ಏರಿಸದೆ ಇಳಿಸಿದರೆ ಎಣಿಕೆ ಸೊನ್ನೆ. ನನ್ನ ಬಫರಿನ ಪೇಜ್ ನನಗೇ ಗೊತ್ತಿಲ್ಲದೆ ಬೇರೆಯವರ ಪಾಲಾಗುತ್ತದೆ, ಡ್ರೈವರ್ ಮಾತ್ರ ಅದರಲ್ಲೇ ಬರೆಯುತ್ತಿರುತ್ತದೆ.

ಆ ಒಂದು ಸಾಲು ಸೇರಿಸಿದ ಮೇಲೆಯೇ ತಿಳಿದದ್ದು, ಇದಕ್ಕೆಲ್ಲ ಸಿದ್ಧ ದಾರಿ ಇದೆ ಅಂತ. ವಿಮ್ಯಾಲಕ್ ಯೂಸರ್‌ನಿಂದ ಬಫರ್ ತೆಗೆದು, ರೀಮ್ಯಾಪ್ ವಿಮ್ಯಾಲಕ್ ರೇಂಜ್ ಕರೆದರೆ ಸಾಕು. ಎಣಿಕೆಯನ್ನು ಅದೇ ನೋಡಿಕೊಳ್ಳುತ್ತದೆ. ಬಫರ್ ಸೊನ್ನೆ ತುಂಬಿಯೇ ಸಿಗುವುದರಿಂದ ಕರ್ನಲ್ಲಿನ ಹಳೇ ಮಾಹಿತಿ ಹೊರಗೆ ಸೋರುವುದೂ ಇಲ್ಲ. ಹ್ಯಾಂಡ್ಲರನ್ನು ಪೂರ್ತಿ ಅಳಿಸಿದೆ. ಈಗ 17 ಪೇಜ್ ಕೇಳಿದರೆ ಮುಟ್ಟುವ ತನಕ ಕಾಯಬೇಕಾಗಿಲ್ಲ, ಎಂಮ್ಯಾಪ್ ತಾನೇ ಆಗುವುದಿಲ್ಲ ಅನ್ನುತ್ತದೆ.